ಕೆಳಗದ್ದೆಯ ತಳ

ಮನೆ ಪಕ್ಕದ ಪಂಪಿನ ಕೋಣೆಯಿಂದ,
ಬುಧವಾರ, ಊಟದ ಹೊತ್ತು

ಯಂತ್ರದ ಯಜಮಾನರಿಗೆ,

(ನನ್ನ ಯಜಮಾನರೂ ಹೌದು. ಆದರೆ ಇದು ಕೆಲಸದ ವಿಚಾರಕ್ಕೆ ಬರೆಯುತ್ತಿರುವ ಕಾಗದವಾದ್ದರಿಂದ ಅದನ್ನು ಕಂಸದೊಳಗೆ ಕೂಡಿಹಾಕಿದ್ದೇನೆ.)

ನಾನು ಚೆನ್ನಾಗಿದ್ದೇನೆ. ನಿಮ್ಮ ಅಮ್ಮನೂ ಚೆನ್ನಾಗಿದ್ದಾರೆ; ನೋವೆಲ್ಲ ಮೊಣಕಾಲಿಗೆ, ಬಾಯಿಗೇನೂ ಆಗಿಲ್ಲ. ನೀವು ಚೆನ್ನಾಗಿದ್ದೀರಿ ಎಂದು ಹಾಲಿನ ವ್ಯಾನಿನ ಡ್ರೈವರ್ ಹೇಳಿದ. ಪೇಟೆಯ ಷೆಡ್ಡಿನಲ್ಲಿ ನಿಮ್ಮ ಪೈಲ್ವಾನನ ಪಕ್ಕದಲ್ಲೇ ಮಂಚ ಹಾಕಿಕೊಂಡು ಮಲಗುತ್ತೀರಂತೆ. ಕಟಾವು ಯಂತ್ರಕ್ಕೆ ಪೈಲ್ವಾನ ಎಂದು ಹೆಸರಿಟ್ಟವಳು ನಾನೇ ಆದರೂ, ಅವನು ನನ್ನ ಜಾಗದಲ್ಲಿ ಮಲಗುತ್ತಾನೆಂದು ಆಗ ಅಂದುಕೊಂಡಿರಲಿಲ್ಲ.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀರಿ. ಮಾಡಬಹುದಿತ್ತು. ಫೋನಿನಲ್ಲಿ ನೀವು ‘ಹೂಂ’ ಎನ್ನುತ್ತೀರಿ, ಆ ‘ಹೂಂ’ ಕಿವಿಗೆ ಬಿದ್ದ ಕೂಡಲೇ ನನಗೆ ಸಿಟ್ಟು ನೆತ್ತಿಗೇರುತ್ತದೆ, ನಾನು ಕೂಗುತ್ತೇನೆ, ನೀವು ಸಿಗ್ನಲ್ ಇಲ್ಲ ಎಂದು ಇಟ್ಟುಬಿಡುತ್ತೀರಿ. ಒಂದೂವರೆ ವರ್ಷದಿಂದ ನಮ್ಮ ಸಂಸಾರ ಸಿಗ್ನಲ್ ಇಲ್ಲದೆಯೇ ನಡೆದಿದೆ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ. ಸಂಜೆಯ ವ್ಯಾನಿನಲ್ಲಿ ಇದು ನಿಮ್ಮ ಕೈ ಸೇರುತ್ತದೆ. ಗ್ರೀಸು ಒರೆಸಿಕೊಂಡು ಕೂತು ಓದಿ.

ವಿಷಯ ಇಷ್ಟೇ. ಕೆಳಗದ್ದೆಯಲ್ಲಿ ನೀರು ನಿಲ್ಲುತ್ತಿಲ್ಲ.

ಕಾಲುವೆಗೆ ನೀರು ಬಿಟ್ಟ ದಿನ ನಾನೇ ಹೋಗಿ ಬದುವಿನ ಬಾಯಿ ಬಿಡಿಸಿದೆ. ನೀರು ಬಂತು, ಗದ್ದೆ ಕುಡಿಯಿತು. ಬೇಸಿಗೆಯ ಬಾಯಾರಿಕೆ, ಕುಡಿಯಲಿ ಎಂದುಕೊಂಡೆ. ಸಂಜೆಯವರೆಗೂ ಕುಡಿಯುತ್ತಲೇ ಇತ್ತು. ಬೆಳಿಗ್ಗೆ ಹೋಗಿ ನೋಡಿದರೆ ಕಾಲ್ಬೆರಳು ಮುಳುಗುವಷ್ಟೂ ನೀರಿಲ್ಲ. ಏಡಿ ತೂತು ಮಾಡಿರಬೇಕೆಂದು ಬದುವನ್ನೆಲ್ಲ ಸುತ್ತಿ ತುಳಿದು ನೋಡಿದೆ, ಒಂದು ತೂತೂ ಸಿಗಲಿಲ್ಲ. ಅಷ್ಟರಲ್ಲಿ ಕೆಳಗಿನ ಹೊಲದ ಮೇಷ್ಟ್ರು ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಬಂದರು. “ಏನಮ್ಮಾ, ನಿಮ್ಮ ಗದ್ದೆಗೆ ತಳ ಇಲ್ವಾ? ನನ್ನ ಬದನೆ ಗಿಡವೆಲ್ಲ ನೀರಲ್ಲಿ ನಿಂತಿವೆ. ನಾನೇನು ಬದನೆ ಕಿತ್ತು ಮೀನು ಸಾಕ್ಲಾ?” ಎಂದರು. ಸಿಟ್ಟಿನಲ್ಲಿ ಆಡಿದ ಮಾತು. ಆದರೆ ರೋಗ ಏನೆಂದು ಮೊದಲು ಹೇಳಿದವರು ಅವರೇ.

ಪಂಪಿನ ಕೋಣೆಯ ಕಬ್ಬಿಣದ ಸರಳು ತಂದು ಚುಚ್ಚಿ ನೋಡಿದೆ. ಒಂದೆಡೆ ಸರಳು ಟಕ್ಕೆಂದು ನಿಂತಿತು, ಎಂದಿನಂತೆ. ಒಂದು ತೋಳಿನಷ್ಟು ಪಕ್ಕಕ್ಕೆ ಚುಚ್ಚಿದರೆ ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯಿತು. ಮತ್ತೆ ಅಷ್ಟೇ ಪಕ್ಕಕ್ಕೆ ಹೋದರೆ ಮತ್ತೆ ಬೆಣ್ಣೆ. ಸಾಲಾಗಿ, ಗದ್ದೆಯ ಈ ತುದಿಯಿಂದ ಆ ತುದಿಯವರೆಗೆ ಯಾರೋ ತಳವನ್ನು ಸೀಳಿಹಾಕಿದ್ದಾರೆ.

ಯಾರೋ ಎಂದೆ. ನೀವು.

ಗಾಬರಿಯಾಗಬೇಡಿ, ಮುಂದೆ ಓದಿ. ತಂಗಿಯ ಆಪರೇಷನ್ ಎಂದು ನಾನು ಬೇಸಿಗೆಯಲ್ಲಿ ಆಸ್ಪತ್ರೆಯಲ್ಲಿದ್ದೆನಲ್ಲ, ವಾಪಸು ಬಂದಾಗ ಕೆಳಗದ್ದೆಯಲ್ಲಿ ಕೊಡಪಾನದಷ್ಟು ದಪ್ಪದ ಹೆಂಟೆಗಳು ಎದ್ದು ಕೂತಿದ್ದವು. ನಿಮ್ಮ ಅಮ್ಮನನ್ನು ಕೇಳಿದೆ. “ಹೆಗ್ಗಣ ಇರ್ಬೇಕು” ಎಂದರು. ಅತ್ತೇ, ಇಡೀ ಗದ್ದೆಯನ್ನು ಹೆಗ್ಗಣ ಉಳುತ್ತದೆಯೇ ಎಂದರೆ, “ಈಗಿನ ಹೆಗ್ಗಣಗಳನ್ನ ನೀನು ನೋಡಿಲ್ಲ” ಎಂದು ಎದ್ದು ಒಳಗೆ ಹೋದರು. ಆದರೆ ಆ ಹೆಗ್ಗಣ ಪಂಪಿನ ಕೋಣೆಯ ಹತ್ತಿರ ಮುಟ್ಟದೆ ಬಿಟ್ಟ ಮೂರು ಮೂಲೆಯ ಜಾಗ ಒಂದು ಇತ್ತು. ಲೋಕದಲ್ಲಿ ಎಲ್ಲ ಡ್ರೈವರುಗಳೂ ಆ ಮೂಲೆಗೆ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ ಉಳುತ್ತಾರೆ. ಗೋಡೆಗೆ ತಗುಲೀತೆಂದು ದೂರದಿಂದಲೇ ಬಲಕ್ಕೆ ಹೊರಳಿಸಿ, ಮೂಲೆಯನ್ನು ಹಾಗೇ ಬಿಟ್ಟು ಹೋಗುವವರು ಒಬ್ಬರೇ. ಮದುವೆಯಾದ ವರ್ಷದಿಂದ ಆ ಮೂಲೆಯನ್ನು ನಾನೇ ಸನಿಕೆಯಲ್ಲಿ ಅಗೆಯುತ್ತ ಬಂದಿದ್ದೇನೆ, ನನಗೆ ಗೊತ್ತಿಲ್ಲವೇ?

ಬದುವಿನ ಮೇಲೆ ಕೂತು ನಕ್ಕೆ. ಆಮೇಲೆ ಸ್ವಲ್ಪ ಅತ್ತೆ. ಕ್ಷಮಿಸು ಎಂದು ಬಾಯಲ್ಲಿ ಹೇಳಲು ಬಾರದವರು ಟ್ರ್ಯಾಕ್ಟರು, ಆಳಕ್ಕೆ ಸೀಳುವ ನೇಗಿಲು ಎಲ್ಲ ಬಾಡಿಗೆಗೆ ತಂದು ಹೇಳಿ ಹೋಗಿದ್ದೀರಿ. ನನಗೆ ಖುಷಿಯಾಯಿತು. ಬರೆದುಬಿಟ್ಟೆ, ಇನ್ನು ಅಳಿಸುವುದಿಲ್ಲ.

ಖುಷಿ ಬೇರೆ, ಗದ್ದೆ ಬೇರೆ. ನೀವು ಚಕ್ರದ ಮೇಲೆಯೇ ಓಡಾಡುವವರು, ಕೆಸರಲ್ಲಿ ಕಾಲಿಟ್ಟು ಕಾಲವಾಯಿತು, ಅದಕ್ಕೇ ಹೇಳುತ್ತೇನೆ. ಕೆಸರುಗದ್ದೆಗೆ ಇಳಿದರೆ ಮೀನಖಂಡದವರೆಗೆ ಕಾಲು ಹೋಗುತ್ತದೆ, ಆಮೇಲೆ ಹಿಮ್ಮಡಿಗೆ ಒಂದು ನೆಲ ಸಿಗುತ್ತದೆ. ನಮ್ಮಪ್ಪ, ಅವರಪ್ಪ, ವರ್ಷ ವರ್ಷವೂ ಕೆಸರು ಕಲಸಿ ಕಲಸಿ, ತುಳಿದು ತುಳಿದು ಕೂಡಿಸಿದ ನೆಲ ಅದು. ಬೇರು ಆಡುವುದಕ್ಕೆ ಮೇಲೆ ಮೆತ್ತಗಿರಬೇಕು, ನೀರು ನಿಲ್ಲುವುದಕ್ಕೆ ಕೆಳಗೆ ಗಟ್ಟಿಯಿರಬೇಕು. ಪಾತ್ರೆಯ ತಳ ಇದ್ದ ಹಾಗೆ. ತಳ ಗಟ್ಟಿಯಾಯಿತು ಎಂದು ಯಾರಾದರೂ ಪಾತ್ರೆಯನ್ನು ಸೀಳುತ್ತಾರೆಯೇ? ನನ್ನ ಗಂಡ ಸೀಳುತ್ತಾರೆ, ಅದೂ ಪ್ರೀತಿಯಿಂದ.

ನಿಮಗೆ ಯಾಕೆ ಹಾಗನ್ನಿಸಿತು ಎಂಬುದೂ ಗೊತ್ತು. ನಾವು ಜಗಳ ಆಡಿದ್ದೇ ಮಣ್ಣು ತುಳಿದು ಗಟ್ಟಿಯಾಯಿತು ಎಂಬ ವಿಷಯಕ್ಕೆ. ಆ ವರ್ಷ ನೀವು ಊರವರ ಗದ್ದೆಗಳನ್ನೆಲ್ಲ ಒಣಗಿದ್ದಾಗ ಕೊಯ್ದಿರಿ. ಒಬ್ಬೊಬ್ಬರೂ ಬಂದು ನಿಮ್ಮ ಯಜಮಾನರ ಕೈ ಚಿನ್ನದಂಥದ್ದು ಎಂದು ಹೊಗಳಿ ಹೋದರು. ನಮ್ಮದು ಯಾವಾಗ ಎಂದು ಕೇಳಿದಾಗಲೆಲ್ಲ “ಮನೇದು ಎಲ್ಲಿ ಓಡಿಹೋಗುತ್ತೆ” ಎಂದಿರಿ. ಮನೆಯದು ಓಡಿಹೋಗಲಿಲ್ಲ, ಮಳೆ ಓಡಿಬಂತು. ನಾನು ಬದುವಿನ ಮೇಲೆ ಕೈ ಅಡ್ಡ ಮಾಡಿ ನಿಂತಿದ್ದರೂ ಪೈಲ್ವಾನನನ್ನು ಹಸಿ ಗದ್ದೆಗೆ ಇಳಿಸಿದಿರಿ. ಹೊಟ್ಟೆ ತುಂಬ ಭತ್ತ ಹೊತ್ತುಕೊಂಡು ಅವನು ಹೆಜ್ಜೆ ಹೆಜ್ಜೆಗೂ ಕುಸಿದ. ಎಳೆಯಲು ಇನ್ನೊಂದು ಟ್ರ್ಯಾಕ್ಟರು ಬಂತು, ಅದೂ ಹೂತುಕೊಂಡಿತು. ಸಂಜೆಗೆ ನನ್ನ ಗದ್ದೆ ಎಮ್ಮೆಗಳ ಹಿಂಡು ಹೊರಳಾಡಿದ ಹೊಂಡದಂತಾಗಿತ್ತು.

ಜಗಳ ಆಡಿ ನೀವು ಹೋದಿರಿ. ಆ ಜಾಡುಗಳ ಜೊತೆ ಬದುಕಿದವಳು ನಾನು. ಮಾರನೆಯ ಬೆಳೆಯಲ್ಲಿ ಜಾಡಿನೊಳಗೆ ನೆಟ್ಟ ಸಸಿ ಕತ್ತಿನವರೆಗೆ ನೀರಲ್ಲಿ, ದಿಬ್ಬದ ಮೇಲಿನದು ಬಿರುಕು ಬಿಟ್ಟ ಒಣ ಮಣ್ಣಲ್ಲಿ. ಒಂದು ಕಡೆ ತೆನೆ ಬಾಗಿದಾಗ ಇನ್ನೊಂದು ಕಡೆ ಇನ್ನೂ ಹಾಲುಗಾಳು. ಪೈಲ್ವಾನ ತಿರುಗಿ ತಿರುಗಿ ತುಳಿದ ತುದಿಯಲ್ಲಂತೂ ಪೈರು ಹಳದಿಯಾಗಿಯೇ ಉಳಿಯಿತು. ಒಂದು ಬುಡ ಕಿತ್ತು ನೋಡಿದೆ. ಬೇರು ಕೆಳಗೆ ಇಳಿದೇ ಇರಲಿಲ್ಲ, ಗೋಡೆಗೆ ಮುಖ ತಗುಲಿದವರಂತೆ ಅಡ್ಡಡ್ಡ ಹರಡಿಕೊಂಡಿತ್ತು. ಕರಿಮಣ್ಣಿನಿಂದ ಕೊಳೆತ ಮೊಟ್ಟೆಯ ವಾಸನೆ. ಆ ಬುಡವನ್ನು ಫೋಟೋ ತೆಗೆದು ನಿಮಗೆ ಕಳಿಸಿದ್ದೆ. ನೀವು ಉತ್ತರವನ್ನೇ ಕೊಡಲಿಲ್ಲ. ಉತ್ತರ ಬೇಸಿಗೆಯಲ್ಲಿ ಬಂತು, ನೇಗಿಲು ಹಿಡಿದುಕೊಂಡು.

ಸಡಿಲ ಮಾಡಬೇಕಾದದ್ದು ನಿಜ, ಅಲ್ಲಿಯವರೆಗೆ ನೀವು ಸರಿ. ಆದರೆ ಒಂದು ಗೇಣಿನಷ್ಟು ಆಳಕ್ಕೆ ಸಾಕಾಗಿತ್ತು. ನೀವು ತಪ್ಪನ್ನು ಬುಡಸಮೇತ ಕಿತ್ತುಹಾಕುತ್ತೇನೆಂದು ಹೊರಟು ಅಪ್ಪನ ನೆಲವನ್ನೂ ಕಿತ್ತಿರಿ. ನಿಮಗೆ ಯಾವುದರಲ್ಲೂ ಸ್ವಲ್ಪ ಎನ್ನುವುದೇ ಇಲ್ಲ.

ಈಗ ಅಣ್ಣನ ಸಂಗತಿ. ಕೆಳಗದ್ದೆ ನನ್ನ, ಅವನ ಹೆಸರಲ್ಲಿ ಜಂಟಿಯಾಗಿದೆ ಎಂಬುದು ನಿಮಗೆ ಗೊತ್ತು. ನೀರು ನಿಲ್ಲದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಇಟ್ಟಿಗೆ ಗೂಡಿನವರನ್ನು ಜೊತೆಗೆ ಕರೆದುಕೊಂಡು ಬಂದ. ಅವರು ಒಂದು ಹೆಂಟೆ ಎತ್ತಿ, ಒದ್ದೆ ಮಾಡಿ, ಬೆರಳಲ್ಲಿ ಉಜ್ಜಿ, ಒಳ್ಳೆ ಜಿಗುಟು ಎಂದರು. ಹೆಣ್ಣು ನೋಡಲು ಬಂದವರಂತೆ ನೋಡಿದರು, ನನಗೆ ಮೈಯೆಲ್ಲ ಉರಿಯಿತು. ಅಣ್ಣ ಕೆಟ್ಟವನಲ್ಲ. “ಎರಡು ಬೆಳೆಯಿಂದ ಒದ್ದಾಡ್ತಾ ಇದೀಯ. ಈ ಸಲ ನಾಟಿ ಆದ್ರೆ ಸರಿ, ಆಗ್ಲಿಲ್ಲ ಅಂದ್ರೆ ಮಣ್ಣು ತೆಗೆಯೋಕೆ ಕೊಟ್ಬಿಡೋಣ, ಸುಮ್ನೆ ಹಟ ಬೇಡ” ಎಂದ. ನಾನು ಆಗಲಿ ಎಂದೆ. ನಾಟಿ ಆಗುತ್ತದೆ ಎಂಬ ಧೈರ್ಯದಿಂದಲೇ ಆಗಲಿ ಎಂದದ್ದು. ಅವರು ಬಂದರೆ ಆಳೆತ್ತರಕ್ಕೆ ಅಗೆದು, ಮಣ್ಣು ಹೊತ್ತು ಹೋಗುತ್ತಾರೆ. ಆಮೇಲೆ ಅದು ಗದ್ದೆಯಲ್ಲ, ಗುಂಡಿ. ಜಾಡು ಬಿದ್ದದ್ದನ್ನು ಸರಿಮಾಡಬಹುದು, ಮಣ್ಣೇ ಹೋದರೆ ಏನನ್ನು ಸರಿಮಾಡುವುದು?

ನಾನೇನೂ ತಲೆಯ ಮೇಲೆ ಕೈ ಹೊತ್ತು ಕೂತಿಲ್ಲ. ಮೇಷ್ಟ್ರು ತಮ್ಮ ಬದನೆಯನ್ನು ಉಳಿಸಿಕೊಳ್ಳಲು ನನ್ನ ಪಕ್ಷಕ್ಕೆ ಬಂದಿದ್ದಾರೆ. ಅವರ ಅಳಿಯನ ಸಣ್ಣ ಟಿಲ್ಲರ್ ತರಿಸಿ, ನೀರು ತೆಳ್ಳಗೆ ಬಿಟ್ಟುಕೊಂಡು, ಅದೇ ಜಾಗದಲ್ಲಿ ಸುತ್ತಿ ಸುತ್ತಿ ಕೆಸರು ಮಾಡಿದೆ. ನುಣ್ಣಗಾದ ಕೆಸರು ಸೀಳಿನೊಳಗೆ ಇಳಿದು ಕೂತು ಬಾಯಿ ಮುಚ್ಚುತ್ತದೆ. ಆಮೇಲೆ ಹಲಗೆ ಎಳೆದು, ಬರಿಗಾಲಲ್ಲಿ ಸಾಲು ಸಾಲಾಗಿ ತುಳಿದೆ. ಮೇಲುಗಡೆಯ ಅರ್ಧದಲ್ಲಿ ನೆನ್ನೆಯಿಂದ ನೀರು ನಿಂತಿದೆ. ನಿಂತಿದೆ ಎಂದರೆ ಮುಖ ನೋಡಿಕೊಳ್ಳುವ ಹಾಗೆ ನಿಂತಿದೆ. ಈ ಬೆಳಿಗ್ಗೆ ಒಂದು ಕೊಕ್ಕರೆಯೂ ಬಂದು ಒಪ್ಪಿಗೆ ಕೊಟ್ಟು ಹೋಯಿತು.

ಉಳಿದದ್ದು ಪಂಪಿನ ಕೋಣೆಯ ಕಡೆಯ ಅರ್ಧ. ಅಲ್ಲಿಯವರೆಗೆ ನೇರವಾಗಿ ಬಂದ ನಿಮ್ಮ ಸಾಲುಗಳು ಅಲ್ಲಿ ಬಾಗಿವೆ, ಒಂದರ ಮೇಲೊಂದು ಹಾದಿವೆ, ಎಲ್ಲೋ ನೇಗಿಲನ್ನು ಪೂರ್ತಿ ಇಳಿಸಿದ್ದೀರಿ, ಎಲ್ಲೋ ಎತ್ತಿದ್ದೀರಿ. ಈಗ ಮೇಲೆಲ್ಲ ಕೆಸರು, ಕಣ್ಣಿಗೆ ಏನೂ ಕಾಣುವುದಿಲ್ಲ. ಸರಳು ಚುಚ್ಚಿ ಹುಡುಕುತ್ತಿದ್ದೇನೆ, ಒಂದು ಸೀಳು ಸಿಕ್ಕಿದರೆ ಇನ್ನೊಂದು ತಪ್ಪುತ್ತದೆ, ಅಷ್ಟರಲ್ಲಿ ನೀರು ಮೇಷ್ಟ್ರ ಬದನೆಗೆ. ಟಿಲ್ಲರನ್ನು ಅಳಿಯ ಇವತ್ತು ವಾಪಸು ಒಯ್ದ, ಅವನಿಗೂ ಗದ್ದೆಯಿದೆಯಲ್ಲ. ನಮ್ಮ ಕಾಲುವೆಯ ನೀರಿನ ಸರದಿ ಶನಿವಾರ ಬೆಳಿಗ್ಗೆಗೆ ಮುಗಿಯುತ್ತದೆ. ಮತ್ತೆ ಸರದಿ ಬರುವ ಹೊತ್ತಿಗೆ ಸಸಿಮಡಿಯಲ್ಲಿರುವ ಸಸಿಗೆ ವಯಸ್ಸಾಗಿ ಹೋಗಿರುತ್ತದೆ, ನೆಟ್ಟರೂ ಕವಲೊಡೆಯುವುದಿಲ್ಲ. ಸೋಮವಾರ ನಾಟಿಗೆ ಹೆಂಗಸರನ್ನು ಕರೆದಾಗಿದೆ. ಅವರಿಗೆ ಬರಬೇಡಿ ಎಂದು ನಾನಂತೂ ಹೇಳುವುದಿಲ್ಲ.

ಆದ್ದರಿಂದ ನಾಳೆ ಬೆಳಿಗ್ಗೆ ಬನ್ನಿ. ಪೈಲ್ವಾನನನ್ನು ಷೆಡ್ಡಿನಲ್ಲೇ ಮಲಗಿಸಿ, ಮಿಡತೆಯನ್ನು ತನ್ನಿ. ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಸೇರಿ ಕೊಂಡ ಆ ಬಡಕಲು ಟಿಲ್ಲರನ್ನು ನೀವು ಮಾರಿಲ್ಲ, ಷೆಡ್ಡಿನ ಮೂಲೆಯಲ್ಲಿ ಗೋಣಿ ಹೊದಿಸಿ ಇಟ್ಟಿದ್ದೀರಿ ಎಂದು ವ್ಯಾನಿನ ಡ್ರೈವರ್ ಹೇಳಿದ್ದಾನೆ. ಅವನ ಬಾಯಲ್ಲಿ ಏನೂ ನಿಲ್ಲುವುದಿಲ್ಲ, ನಮ್ಮ ಗದ್ದೆಯ ಹಾಗೆಯೇ. ಸಣ್ಣ ಗೂಡ್ಸ್ ಗಾಡಿಯಲ್ಲಿ ಹಾಕಿಸಿಕೊಂಡು ಬಂದು ಇಳಿಸಿ, ಗಾಡಿಯವನನ್ನು ಕಾಯಿಸಬೇಡಿ, ಕಳಿಸಿಬಿಡಿ. ನೀವು ಬದುವಿನ ಮೇಲೆ ನಿಂತು, ಎಲ್ಲಿ ಇಳಿಸಿದೆ, ಎಲ್ಲಿ ಎತ್ತಿದೆ ಎಂದು ತೋರಿಸಿದರೆ ಸಾಕು. ನಿಮಗೆ ಮರೆತಿರುವುದಿಲ್ಲ. ನನ್ನ ಹುಟ್ಟಿದ ದಿನ ಮರೆಯುತ್ತೀರಿ, ಗೇರು ಬದಲಿಸಿದ ಜಾಗ ಮರೆಯುವುದಿಲ್ಲ. ಕೆಲಸ ಮುಗಿಸಿ ಸಂಜೆ ಬಸ್ಸಿಗೆ ಹೊರಟುಬಿಡಬಹುದು. ಯಾರೂ ಏನೂ ಕೇಳುವುದಿಲ್ಲ.

ಪೈಲ್ವಾನನ ಮೇಲೆ ನನಗೆ ಹಗೆಯಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕುಡುಗೋಲು ಹಿಡಿದು ಸೊಂಟ ಮುರಿದುಕೊಳ್ಳುವ ಆಸೆ ನನಗೇನೂ ಇಲ್ಲ, ಕೊಯ್ಯುವುದಕ್ಕೆ ಆಳು ಸಿಗುವುದೂ ಇಲ್ಲ. ಈ ಬೆಳೆ ಕೊಯ್ಲಿಗೆ ಬಂದಾಗ ಅವನೇ ಬರಲಿ. ಆದರೆ ನನ್ನ ಗದ್ದೆಗೆ ನನ್ನ ಕಾನೂನು. ತೆನೆ ಬಣ್ಣ ತಿರುಗಿದ ಕೂಡಲೇ ನಾನು ನೀರು ಬಸಿಯುತ್ತೇನೆ. ಆಮೇಲೆ ದಿನವೂ ಹೋಗಿ ಹಿಮ್ಮಡಿ ಊರಿ ನೋಡುತ್ತೇನೆ. ನನ್ನ ಹಿಮ್ಮಡಿಯ ಗುರುತು ಬೀಳದ ದಿನ ಅವನಿಗೆ ಕರೆ ಬರುತ್ತದೆ. ನನ್ನ ಹಿಮ್ಮಡಿ ಮೀಟರಾ ಎಂದು ಹಿಂದೆ ನಕ್ಕಿದ್ದಿರಿ, ಈ ಸಲ ನಗುವ ಮುಂಚೆ ಆ ಎಮ್ಮೆ ಹೊಂಡವನ್ನು ನೆನಪಿಸಿಕೊಳ್ಳಿ. ಹೋದ ಜಾಡಿನಲ್ಲೇ ಬರಬೇಕು, ಗದ್ದೆಯಲ್ಲೆಲ್ಲ ಅಡ್ಡಾಡಕೂಡದು. ಹೊಟ್ಟೆ ಅರ್ಧ ತುಂಬಿದ ಕೂಡಲೇ ಬದುವಿಗೆ ಬಂದು ಭತ್ತ ಸುರಿದು ಹೋಗಬೇಕು. ತಡವಾಗುತ್ತದೆ ಎನ್ನುತ್ತೀರಿ. ಆಗಲಿ. ತುಳಿಯುವುದು ಒಂದೇ ಸಾಲಾದರೆ ಕೆಡುವುದೂ ಒಂದೇ ಸಾಲು, ಅದನ್ನು ನಾನು ಮಿಡತೆಯಲ್ಲಿ ಸರಿಮಾಡಿಕೊಳ್ಳುತ್ತೇನೆ.

ಎಲ್ಲಕ್ಕಿಂತ ಮೊದಲ ಷರತ್ತು ಇನ್ನೊಂದಿದೆ. ಊರವರ ಗದ್ದೆಗಳು ಸಾಲಾಗಿ ಕಾಯುತ್ತಿರಲಿ, ಮನೆಯ ಗದ್ದೆ ಮೊದಲು. ಮಣ್ಣಿನ ಮಾತು ಮಾತ್ರ ಆಗಿದ್ದರೆ ನಾನು ಅವತ್ತು ಅಷ್ಟು ಕೂಗಾಡುತ್ತಿರಲಿಲ್ಲ. ಎಲ್ಲರದೂ ಮುಗಿದ ಮೇಲೆ, ಉಳಿದ ಹೊತ್ತಿನಲ್ಲಿ ನನ್ನ ಸರದಿ ಬಂದದ್ದು ನನಗೆ ನೋವಾಯಿತು. ಜಾಡು ಬಿದ್ದದ್ದು ಅದಾದ ಮೇಲೆ.

ನಿಮ್ಮ ಅಮ್ಮನಿಗೆ ನಾನು ಯಾರಿಗೆ ಬರೆಯುತ್ತಿದ್ದೇನೆಂದು ಹೇಳಿಲ್ಲ. ಆದರೂ ಬಾಗಿಲಲ್ಲಿ ನಿಂತು, “ಟಿಲ್ಲರ್ ತರೋಕೆ ಬರಿ, ಆ ಉಬ್ಬಿದ ಮುಖ ತರೋದು ಬೇಡ ಅಂತಲೂ ಬರಿ” ಎಂದು ಹೇಳಿ ಹೋದರು. ಈಗ ಹೊರಗೆ ನಿಮ್ಮ ಹಳೇ ದಿಂಬನ್ನು ಬಿಸಿಲಿಗೆ ಹಾಕುತ್ತಿದ್ದಾರೆ. ಯಾಕೆ ಅತ್ತೇ ಎಂದು ಕೇಳಿದರೆ ಹೆಗ್ಗಣಕ್ಕೆ ಎಂದರು.

ನಾಳೆ ಬೆಳಿಗ್ಗೆ ಬದುವಿನ ಮೇಲೆ ಸರಳು ಹಿಡಿದುಕೊಂಡು ನಿಂತಿರುತ್ತೇನೆ. ಹೊಡೆಯುವುದಕ್ಕಲ್ಲ, ಚುಚ್ಚಿ ನೋಡುವುದಕ್ಕೆ. ನಿಮ್ಮನ್ನು ನೋಡಬೇಕೆಂದೂ ಇದೆ. ಅದಕ್ಕೆ ಸರಳು ಬೇಕಿಲ್ಲ.

ಕಂಸದೊಳಗೆ ಇನ್ನೂ ನಿಮ್ಮವಳೇ ಆದ,
ಕೆಳಗದ್ದೆಯ ಯಜಮಾನಿ

ಮರೆತ ಮಾತು: ಸಂಜೆ ಬಸ್ಸು ಈಗ ಬರುವುದಿಲ್ಲ. ಯಾರದೋ ದೊಡ್ಡ ಯಂತ್ರ ಹೊತ್ತ ಲಾರಿ ಹಾದು ಕಾಲುವೆಯ ಮೋರಿ ಕುಸಿದಿದೆ. ಹಾಲಿನ ವ್ಯಾನು, ಗೂಡ್ಸ್ ಗಾಡಿಯಂಥ ಸಣ್ಣವು ಬಿಟ್ಟು ಬೇರೇನೂ ದಾಟುತ್ತಿಲ್ಲ. ಕೊಯ್ಲಿನ ಹೊತ್ತಿಗೆ ಸರಿಮಾಡುತ್ತಾರಂತೆ. ಇದು ಮರೆತ ಮಾತು ಎಂದೆನಲ್ಲ, ಅದು ಸುಳ್ಳು, ಬರೆಯಲು ಕೂತಾಗಲೇ ನೆನಪಿತ್ತು. ಬಟ್ಟೆ ತನ್ನಿ.